ಟೀಚರಮ್ಮನ ಉಸಿರು

ಗಂಡನಿಗೆ ಉಸಿರು ಕೊಡಲು ಮೊದಲು ಮುಂದೆ ಬಂದವಳು ಜೈತುನ್‌ಬಿಯೇ. “ಎದೆ ಗಟ್ಟಿ ಇರೋರು ಯಾರಾದರೂ ಒಬ್ಬರು ಬೇಕು” ಎಂದು ಡಾಕ್ಟರು ಹೇಳಿ ಮುಗಿಸುವುದರೊಳಗೆ ಅವಳು ಚಪ್ಪಲಿ ಬಿಟ್ಟು ಪರೀಕ್ಷೆಯ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತಾಗಿತ್ತು. ನರ್ಸ್ ಕೊಟ್ಟ ಕೊಳವೆಗೆ ಬಾಯಿಟ್ಟು, ಒಲೆ ಊದುವವಳ ಹಾಗೆ ಕೆನ್ನೆ ಉಬ್ಬಿಸಿ ಊದಿದಳು. ಊದಿದ ಮೇಲೆ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ.

ಡಾ. ಮರುಳಸಿದ್ಧಯ್ಯ ಪರದೆಯ ಮೇಲಿನ ಗೆರೆಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

“ಜೈತುನ್‌ಬಿ, ನಿಮ್ಮ ಎದೇನೂ ಅರ್ಧ ಮುಚ್ಚಿಹೋಗಿದೆ. ನೀವು ಇನ್ನೊಬ್ಬರಿಗೆ ಕೊಡೋದಿರಲಿ, ನಿಮಗೇ ಔಷಧಿ ಶುರು ಮಾಡಬೇಕು.”

“ನಂಗೇನಾಗಿಲ್ಲ ಸಾರ್. ಇದು ಥಂಡಿ ಕೆಮ್ಮು.”

“ಎಷ್ಟು ವರ್ಷದ ಥಂಡಿ ಇದು?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಹೊರಗೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವಳ ಗಂಡ ಚಮನ್‌ಸಾಬ್, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು, ಹೆಂಡತಿಯ ಮುಖ ನೋಡಿಯೇ ಎಲ್ಲ ತಿಳಿದುಕೊಂಡ.

ಇಬ್ಬರೂ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬದುಕು ಸವೆಸಿದವರು. ಕಾದ ಮರಳಿನಲ್ಲಿ ಅಕ್ಕಿ ಹುರಿಯುವುದು ಅವನ ಕೆಲಸ, ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು ಮರಳು ಬೇರೆ ಮಾಡುವುದು ಅವಳದು. ಹಿಂದೆ ಭಟ್ಟಿಯ ಒಲೆಗೆ ಹೊಟ್ಟು, ಚಿಂದಿ, ಹಳೇ ಟೈರು ಏನು ಸಿಕ್ಕರೂ ತುರುಕುತ್ತಿದ್ದರು. ಆಮೇಲೆ ಕಾಲ ಬದಲಾಯಿತು. ಭಟ್ಟಿಗಳೆಲ್ಲ ವಿದ್ಯುತ್ತಿನವಾದವು, ಚಿಮಣಿಗಳು ಉರುಳಿದವು, ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೂ ಬಿಳಿಯಾಗಿಯೇ ಉಳಿಯುವ ದಿನ ಬಂತು. ಊರಿನ ಗಾಳಿ ಚೊಕ್ಕಟವಾಯಿತು. ಆದರೆ ಹಳೆಯ ಹೊಗೆಯಷ್ಟೂ ಮನುಷ್ಯರ ಎದೆಯೊಳಗೆ ಉಳಿದುಕೊಂಡಿತ್ತು. ಅದನ್ನು ತೆಗೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ಮರುಳಸಿದ್ಧಯ್ಯನವರ ಕೇಂದ್ರ ಹುಡುಕುತ್ತಿದ್ದದ್ದು ಆ ದಾರಿಯನ್ನೇ. ಹಾಳಾದ ಶ್ವಾಸಕೋಶ ಕೂಡ ಸ್ವಲ್ಪ ಮಟ್ಟಿಗೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ಪುರಸೊತ್ತು ಬೇಕು ಎನ್ನುವುದು ಅವರ ವಾದ. ಉಸಿರು ಸಾಲದೆ ಹೆದರಿದ ರೋಗಿ ತೇಕುತ್ತಾನೆ. ತೇಕಿದಷ್ಟೂ ಹಳೆಯ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವನ್ನು ಯಂತ್ರದಿಂದ ನಿಧಾನವಾಗಿ ಆಡಿಸಿ ನೋಡಿದ್ದರು. ಯಂತ್ರದ ತಾಳ ಪ್ರತಿ ಸಲವೂ ಒಂದೇ ಥರ. ಕೆಲವೇ ದಿನಗಳಲ್ಲಿ ದೇಹ ಅದಕ್ಕೆ ಎದುರುಬಿದ್ದಿತ್ತು. ಬದುಕಿರುವ ಮನುಷ್ಯನ ಉಸಿರು ಒಂದರಂತೆ ಇನ್ನೊಂದು ಇರುವುದಿಲ್ಲ. ಹಾಗಾದರೆ ಆರೋಗ್ಯವಂತನೊಬ್ಬನ ಉಸಿರಾಟದ ಲಯವನ್ನೇ ರೋಗಿಗೆ ಕಳಿಸಿದರೆ? ಕೊಡುವವರ ಪಕ್ಕೆಗೆ ಒಂದು ಪಟ್ಟಿ, ಪಡೆಯುವವರ ಚರ್ಮದಡಿ ವಪೆಯ ನರದ ಹತ್ತಿರ ಹುಣಸೆಬೀಜದಷ್ಟು ದೊಡ್ಡ ಬಿಲ್ಲೆ. ಮೊಬೈಲಿನಲ್ಲಿ ಮಾತು ಹೋಗುವ ಹಾಗೆ ಪಟ್ಟಿಯಿಂದ ಬಿಲ್ಲೆಗೆ ಉಸಿರಿನ ಲಯ ಹೋಗುತ್ತದೆ. ಇದಕ್ಕೆ ಅವರು ‘ಜೊತೆಯುಸಿರು’ ಎಂದು ಹೆಸರಿಟ್ಟಿದ್ದರು.

ಉಸಿರು ಕೊಡಲು ಒಪ್ಪಿದವರು ಹಲವರಿದ್ದರು. ಚಮನ್‌ಸಾಬನ ಎದೆ ಒಪ್ಪಿಕೊಂಡದ್ದು ಒಬ್ಬರದನ್ನು ಮಾತ್ರ.

ಜೋಡಿಸಿದ ದಿನ ಜೈತುನ್‌ಬಿ ನಿಗಾ ಕೋಣೆಯ ಗಾಜಿನ ಆಚೆ ನಿಂತಿದ್ದಳು. ಒಳಗೆ ಪರದೆಯ ಮೇಲೆ ಎರಡು ಗೆರೆಗಳು. ಒಂದು ಹರಕು ಗರಗಸದ ಹಲ್ಲಿನ ಹಾಗೆ, ಇನ್ನೊಂದು ದೊಡ್ಡ ಕೆರೆಯ ಅಲೆಯ ಹಾಗೆ. ಡಾಕ್ಟರು ಗುಂಡಿ ಒತ್ತಿದರು. ಗರಗಸ ತಡವರಿಸಿತು, ಮೊಂಡಾಯಿತು, ಮೆಲ್ಲಗೆ ಅಲೆಯ ಮೇಲೆ ಕೂತಿತು. ಚಮನ್‌ಸಾಬನ ಹೆಗಲು ಇಳಿಯಿತು. ಹುಬ್ಬಿನ ಗಂಟು ಬಿಚ್ಚಿತು. ವರ್ಷಗಳಿಂದ ಅವಳು ನೋಡದೇ ಇದ್ದ ಮುಖ ಅದು.

ಓಡಿಹೋಗಿ ಕೇಳಿದಳು: “ಹ್ಯಾಂಗೈತ್ರೀ?”

“ಬಯಲಾಗೆ ನಿಂತಂಗೈತೆ ಜೈತುನ್.” ಮಾತಾಡುವಾಗ ನಡುವೆ ಅವನು ತೇಕಲಿಲ್ಲ.

ಅವಳ ಕಣ್ಣು ತುಂಬಿತು. ಅದರ ಬೆನ್ನಿಗೇ ಒಂದು ಪ್ರಶ್ನೆ ಮುಳ್ಳಿನ ಹಾಗೆ ಎದ್ದಿತು. ಡಾಕ್ಟರ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದಳು: “ಸಾರ್, ಅದು ಗಂಡಸಿಂದೋ ಹೆಂಗಸಿಂದೋ?”

ಮರುಳಸಿದ್ಧಯ್ಯ ಹಿಗ್ಗಿನಲ್ಲಿದ್ದರು. ಹೇಳಬಾರದ್ದನ್ನು ಹೇಳಿಬಿಟ್ಟರು. “ಚಿತ್ರದುರ್ಗದ ಹತ್ತಿರ ಗುಡ್ಡದ ಬುಡದಲ್ಲಿ ಒಂದು ವಸತಿ ಶಾಲೆ ಇದೆಯಮ್ಮ. ಅಲ್ಲಿ ಆಟ ಆಡಿಸೋ ಟೀಚರ್ ಚೂಡಾಮಣಿ ಅಂತ. ಮೊದಲು ಕಬಡ್ಡಿ ಆಡ್ತಿದ್ರು. ಎಂಥಾ ಎದೆ ಅಂತೀರಾ!”

“ಓ,” ಎಂದಳು ಜೈತುನ್‌ಬಿ.

ಚಮನ್‌ಸಾಬ್ ಮನೆಗೆ ಬಂದ. ಓಣಿಯವರೆಲ್ಲ ನೋಡಲು ಬಂದರು. ಮನೆಯ ಮೆಟ್ಟಿಲು ಹತ್ತಲಾರದವನು ಮಸೀದಿಯ ತನಕ ನಡೆದುಹೋದ. ತುತ್ತು ತುತ್ತಿಗೂ ನಿಲ್ಲದೆ ತಟ್ಟೆ ಖಾಲಿ ಮಾಡಿದ. ಪಕ್ಕದ ಓಣಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ರೇಷ್ಮಾ, “ಅಮ್ಮಾ, ಆ ಟೀಚರಿಗೆ ಎಷ್ಟು ದುವಾ ಮಾಡಿದ್ರೂ ಕಡಿಮೇನೇ” ಎಂದಳು. ಜೈತುನ್‌ಬಿ ಎಲ್ಲರಿಗಾಗಿ ದುವಾ ಮಾಡುತ್ತಿದ್ದಳು: ಡಾಕ್ಟರಿಗೆ, ನರ್ಸಿಗೆ, ಆಸ್ಪತ್ರೆಗೆ ಕರೆದೊಯ್ದ ಆಟೋದವನಿಗೂ. ಆ ಒಂದು ಹೆಸರು ಮಾತ್ರ ನಾಲಗೆಯ ಮೇಲೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಯಾಕೆಂದರೆ ಗಂಡ ಬದಲಾಗಿದ್ದ. ಮದುವೆಯಾದಾಗಿನಿಂದ ಅವಳು ಚಹಾ ತಂದು ಅಲ್ಲಾಡಿಸಿದ ಮೇಲೆಯೇ ಏಳುತ್ತಿದ್ದವನು ಈಗ ನಸುಕಿನಲ್ಲೇ ಎದ್ದು ಕೂರುತ್ತಿದ್ದ. ಟೀಚರಮ್ಮ ಎದ್ದಿರುತ್ತಿದ್ದಳು. ಬೆಳಿಗ್ಗೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೀಚರಮ್ಮ ಮಕ್ಕಳ ಜೊತೆ ಗುಡ್ಡ ಹತ್ತುತ್ತಿದ್ದಳು.

“ನೋಡು, ಈಗ ಇಳೀತಾ ಇದಾರೆ,” ಎನ್ನುವನು, ಕಣ್ಣು ಮುಚ್ಚಿಕೊಂಡು. ಇನ್ನೊಂದು ದಿನ ಸುಮ್ಮನೆ ಕೂತವನ ಹೊಟ್ಟೆ ಕುಲುಕಿತು. “ಟೀಚರಮ್ಮ ನಗ್ತಾ ಇದಾರೆ ಕಣೇ. ಏನಕ್ಕೋ ಏನೋ, ಭಾರೀ ನಗು.” ಎಂದು ತಾನೂ ನಕ್ಕ.

ಜೈತುನ್‌ಬಿ ನಗಲಿಲ್ಲ.

ಮಧ್ಯಾಹ್ನ ಅವನು ಮಲಗಿದಾಗ ಪಕ್ಕದಲ್ಲಿ ಮಲಗಿ ಅವನ ಉಸಿರಿಗೆ ತನ್ನದನ್ನು ಸೇರಿಸಲು ನೋಡುವಳು. ಹಿಂದೆ ಇದಕ್ಕೆ ಪ್ರಯತ್ನವೇ ಬೇಕಿರಲಿಲ್ಲ. ಒಂದೇ ಚಾಪೆಯ ಮೇಲೆ, ಒಂದೇ ಹೊಗೆ ಕುಡಿದು, ಒಂದೇ ಥರ ಗೊರಗೊರ ಎನ್ನುತ್ತ ಮಲಗುತ್ತಿದ್ದರು. ಈಗ ಅವನ ಎದೆ ಉದ್ದಕ್ಕೆ ಏರಿ ಉದ್ದಕ್ಕೆ ಇಳಿಯುತ್ತಿತ್ತು. ಅವಳು ಅರ್ಧ ದಾರಿಯಲ್ಲೇ ಸೋತು ಕೆಮ್ಮುತ್ತಿದ್ದಳು. ಕೆಮ್ಮಿಗೆ ಅವನಿಗೆ ಎಚ್ಚರವಾಗಬಾರದೆಂದು ಎದ್ದು ಹಿತ್ತಲಿಗೆ ಹೋಗುವಳು. ಅಲ್ಲಿ ನಿಂತು, ತಾನು ಕಂಡೇ ಇರದ ಆ ಹೆಂಗಸಿನ ಚಿತ್ರವನ್ನು ಮನಸ್ಸಿನಲ್ಲೇ ಬಿಡಿಸುವಳು: ಎತ್ತರಕ್ಕಿದ್ದಾಳೆ, ಬಿಗಿಯಾಗಿ ಜಡೆ ಹಾಕಿದ್ದಾಳೆ, ಚರ್ಮ ಹೊಳೆಯುತ್ತಿದೆ, ಜೀವನದಲ್ಲಿ ಒಮ್ಮೆಯೂ ಕೆಮ್ಮಿಲ್ಲ.

ಒಂದು ದಿನ ಚಮನ್‌ಸಾಬ್ ಊಟದ ತಟ್ಟೆ ಸರಿಸಿದ. ಎದೆಯ ಮೇಲೆ ಕೈಯಿಟ್ಟುಕೊಂಡ.

“ಏನಾತ್ರೀ? ಡಾಕ್ಟ್ರಿಗೆ ಫೋನ್ ಮಾಡ್ಲಾ?”

“ನಂಗಲ್ಲ. ಟೀಚರಮ್ಮ ಇವತ್ತು ಏನೋ ನುಂಗ್ಕೊಂಡಿದಾರೆ. ಉಸಿರು ಸಮಾನೇ ಐತೆ, ಆದ್ರೆ ಹಲ್ಲು ಕಚ್ಚಿ ಸಮ ಮಾಡ್ಕೊಂಡಂಗೈತೆ. ಪಾಪ.”

ಜೈತುನ್‌ಬಿ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಸಾಡಿದಳು. ಸಾರು ಗೋಡೆಗೆ ಸಿಡಿಯಿತು.

“ನನ್ನ ಎದ್ಯಾಗೆ ಏನೈತೆ ಅಂತ ಒಂದಿನಾನಾರ ಕೇಳಿದೀರೇನ್ರೀ?”

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಿಂದು ಕೇಳೋದೇನೈತೆ? ನೀನು ಇಲ್ಲೇ ಇದೀಯಲ್ಲ!”

ಆ ಮಾತು ಅವಳನ್ನು ಸುಟ್ಟಿತು. ಮರುದಿನ ಕೇಂದ್ರಕ್ಕೆ ಹೋಗಿ, “ಆ ಟೀಚರನ್ನ ತೆಗೀರಿ ಸಾರ್. ಯಾರಾದ್ರೂ ಗಂಡಸಿಂದು ಹಾಕ್ರಿ” ಎಂದಳು. ಮರುಳಸಿದ್ಧಯ್ಯ ಅವಳನ್ನು ನಿಗಾ ಕೋಣೆಯಲ್ಲಿ ಕೂರಿಸಿ ಸಮಾಧಾನವಾಗಿ ವಿವರಿಸಿದರು. ಬೇರೆ ಯಾರದ್ದೂ ಹೊಂದಲಿಲ್ಲ. ಈಗ ತಟ್ಟನೆ ಬಿಡಿಸಿದರೆ ಚಮನ್‌ಸಾಬರ ವಪೆಗೆ ತಾನಾಗಿ ಆಡುವುದೇ ಮರೆತಂತಾಗುತ್ತದೆ. ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಬಿಡಿಸಬೇಕು. ಟೀಚರಿನ ಉಸಿರು ತೀರಾ ಏರುಪೇರಾದರೆ ಬಿಲ್ಲೆ ಅದನ್ನು ಬಿಟ್ಟು ಯಂತ್ರದ ಕಾವಲು ತಾಳಕ್ಕೆ ಹೋಗುತ್ತದೆ. ಆದರೆ ಚಮನ್‌ಸಾಬರ ದೇಹ ಆ ತಾಳವನ್ನು ಹೆಚ್ಚು ಹೊತ್ತು ತಡೆಯಲಾರದು.

“ಅದು ಬಿಡಿ, ನಿಮ್ಮ ಔಷಧಿ ವಿಚಾರ ಏನಾಯ್ತು?” ಎಂದರು ಕೊನೆಗೆ.

“ನಂಗ್ಯಾರ ಔಷಧೀನೂ ಬ್ಯಾಡ, ಯಾರ ಉಸಿರೂ ಬ್ಯಾಡ,” ಎಂದು ಎದ್ದುಬಂದಳು.

ಮುಂದಿನ ತಿಂಗಳು ಒಂದು ಶುಕ್ರವಾರ ಅಪ್ಪನ ಹತ್ತಿರ ಇರುವಂತೆ ರೇಷ್ಮಾಗೆ ಹೇಳಿ, ಎಲ್ಲಿಗೆಂದು ಹೇಳದೆ, ಚಿತ್ರದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಗುಡ್ಡದ ಬುಡದ ಶಾಲೆ ಯಾವುದೆಂದು ಆಟೋದವನಿಗೆ ಗೊತ್ತಿತ್ತು.

ಮೈದಾನದಲ್ಲಿ ಹುಡುಗಿಯರು ಓಡುತ್ತಿದ್ದರು. ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೈಯಲ್ಲಿ ಗಂಟೆ ಹಿಡಿದು ನಿಂತಿದ್ದಳು. ಗಿಡ್ಡಕ್ಕಿದ್ದಳು. ಕಿವಿಯ ಹತ್ತಿರ ಕೂದಲು ನೆರೆದಿತ್ತು. ಒಂದು ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ತನ್ನ ಮನಸ್ಸಿನೊಳಗಿದ್ದ ಹೆಂಗಸಿಗೂ ಇವಳಿಗೂ ಸಂಬಂಧವೇ ಇಲ್ಲದ್ದನ್ನು ಕಂಡು ಜೈತುನ್‌ಬಿಗೆ ಮೋಸಹೋದ ಹಾಗಾಯಿತು.

“ನೀವೇ ಚೂಡಾಮಣಿ ಟೀಚರಾ?”

“ಹೌದಮ್ಮ. ಯಾವ ಮಗುವಿನ ಕಡೆಯವರು?”

“ಮಗುವಿನ ಕಡೆಯೋಳಲ್ಲ. ದಾವಣಗೆರೆ ಚಮನ್‌ಸಾಬರ ಹೆಂಡ್ತಿ ನಾನು.”

ಟೀಚರಿನ ಕೈ ತಾನಾಗಿಯೇ ಪಕ್ಕೆಯ ಪಟ್ಟಿಯ ಮೇಲೆ ಹೋಯಿತು. “ಅಯ್ಯೋ, ಬನ್ನಿ, ಕೂತ್ಕಳಿ. ಅವರು ಹೆಂಗಿದಾರೆ? ಚೆನ್ನಾಗಿದಾರಾ?” ಮುಖವೆಲ್ಲ ಅರಳಿತ್ತು. ಅದೇ ಜೈತುನ್‌ಬಿಗೆ ಸಹಿಸಲಾಗಲಿಲ್ಲ.

“ಅದನ್ನ ನೀವು ನನ್ನ ಕೇಳ್ತೀರಾ? ನೀವು ಎದ್ರೆ ಅವ್ರು ಏಳ್ತಾರೆ. ನೀವು ನಕ್ರೆ ಅವ್ರು ನಗ್ತಾರೆ. ಹೋದ ತಿಂಗಳು ನಿಮಗೇನೋ ಬೇಜಾರಾತು ಅಂತ ನಾನು ಮಾಡಿದ ಅನ್ನ ದೂರ ತಳ್ಳಿದ್ರು. ಒಲಿ ಮುಂದೆ ಅವ್ರ ಜೊತೆ ಹೊಗಿ ಕುಡ್ದೋಳು ನಾನು. ಎದೆ ಸುಟ್ಕೊಂಡೋಳು ನಾನು. ಈಗ ಅವ್ರ ಎದ್ಯಾಗೆ ಕೂತಿರೋರು ನೀವು. ನಿಮಗೇನು, ಸುಮ್ನೆ ಉಸಿರಾಡ್ತೀರಿ, ದೊಡ್ಡೋರಾಗ್ತೀರಿ!”

ಚೂಡಾಮಣಿ “ಹೋದ ತಿಂಗಳು ಯಾವತ್ತು?” ಎಂದು ಕೇಳಿದಳು.

“ಅಮಾಸೆ ಮಾರನೆ ದಿನ.”

“ಅವತ್ತು ನಮ್ಮ ಅಮ್ಮನ್ನ ಮಣ್ಣು ಮಾಡಿದ್ವಿ.”

ಜೈತುನ್‌ಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಅಮ್ಮಂದೂ ನಿಮ್ಮೆಜಮಾನ್ರ ಕಾಯಿಲೇನೇ. ಸೌದೆ ಒಲೆ ಊದಿ ಊದಿ ಬಂದದ್ದು. ಅವಳಿಗೆ ಅಂತಾನೇ ನಾನು ಆ ಕೇಂದ್ರಕ್ಕೆ ಹೋಗಿದ್ದು. ಹೊಟ್ಟೇಲಿ ಹುಟ್ಟಿದ ಮಗಳ ಉಸಿರು ತಾಯಿಗೆ ಹೊಂದಲಿಲ್ಲ. ಯಾರೋ ದಾವಣಗೆರೆಯವರಿಗೆ ಹೊಂದಿತು. ನಿಮಗೆ ಒಬ್ಬರಿಗೇ ಹೊಟ್ಟೆ ಉರೀತದೆ ಅಂದ್ಕೊಂಡ್ರಾ ಅಕ್ಕ? ಅಮ್ಮ ನನ್ನ ಕಣ್ಣ ಮುಂದೆ ತೇಕೋಳು. ನನ್ನ ಉಸಿರು ತಗೊಂಡು ನಿಮ್ಮೆಜಮಾನ್ರು ಅಲ್ಲಿ ನೆಮ್ಮದಿಯಾಗಿರ್ತಾರಲ್ಲ ಅಂತ ನಾನು ಎಷ್ಟು ಸಲ ಈ ಪಟ್ಟಿ ಬಿಚ್ಚಕ್ಕೆ ಕೈ ಹಾಕಿದೀನೋ. ಬಿಚ್ಚಲಿಲ್ಲ. ಅಮ್ಮ ಹೋದಾಗ ಬಾಯಿ ಬಿಟ್ಟು ಅಳಲೂ ಇಲ್ಲ. ಅತ್ರೆ ಅವರಿಗೆ ಉಸಿರು ಕಟ್ಟುತ್ತೆ ಅಂತ. ಊರಿನವರೆಲ್ಲ ಕಲ್ಲಿನಂಥೋಳು ಅಂದ್ರು…”

ಅಲ್ಲಿಗೆ ಅವಳ ದನಿ ಒಡೆಯಿತು. ಅಷ್ಟು ದಿನ ಒಳಗೇ ಕೂಡಿಟ್ಟದ್ದು ಒಮ್ಮೆಲೇ ನುಗ್ಗಿತು. ಗಂಟೆ ಕೈಯಿಂದ ಬಿತ್ತು. ಅವಳು ಮರಕ್ಕೆ ಒರಗಿ ಬಿಕ್ಕಿಬಿಕ್ಕಿ ಅಳತೊಡಗಿದಳು. ಬಿಕ್ಕಿನ ನಡುವೆ ಉಸಿರೇ ಇರಲಿಲ್ಲ.

ಪಕ್ಕೆಯ ಪಟ್ಟಿ ಜುಮುಗುಡತೊಡಗಿತು. ಬೆಂಚಿನ ಮೇಲಿದ್ದ ಮೊಬೈಲ್ ಹೊಡೆದುಕೊಂಡಿತು. ಟೀಚರಿಗೆ ಎತ್ತಿಕೊಳ್ಳಲಾಗಲಿಲ್ಲ. ಜೈತುನ್‌ಬಿ ಎತ್ತಿದಳು. ಮರುಳಸಿದ್ಧಯ್ಯನವರ ದನಿ: “ಟೀಚರ್, ಏನಾಗ್ತಿದೆ? ಚಮನ್‌ಸಾಬರು ಕಾವಲು ತಾಳಕ್ಕೆ ಹೋಗಿದಾರೆ, ದೇಹ ತಗೊಳ್ತಾ ಇಲ್ಲ. ಮನೆಗೆ ಆಂಬುಲೆನ್ಸ್ ಕಳಿಸಿದೀನಿ. ದಯವಿಟ್ಟು ಉಸಿರು ಹಿಡೀರಿ, ಟೀಚರ್!”

ಜೈತುನ್‌ಬಿ ಗೇಟಿನ ಕಡೆ ಎರಡು ಹೆಜ್ಜೆ ಓಡಿ ನಿಂತಳು. ದಾವಣಗೆರೆಗೆ ಓಡಿ ಉಪಯೋಗವಿಲ್ಲ. ಅಲ್ಲಿ ಸಾಯುತ್ತಿರುವ ಗಂಡ ಇಲ್ಲಿ, ಈ ಹೆಂಗಸಿನ ಪಕ್ಕೆಯೊಳಗಿದ್ದ. ಮೊಬೈಲನ್ನು ಬೆಂಚಿನ ಮೇಲೆ ಹಾಗೆಯೇ ಇಟ್ಟು, ಎರಡು ಕೈಯಿಂದ ಟೀಚರನ್ನು ಎಳೆದು ಹೆಗಲಿಗೆ ಒರಗಿಸಿಕೊಂಡಳು.

“ನನ್ನಿಂದ ಆಗ್ತಿಲ್ಲ ಅಕ್ಕ… ನಿಲ್ತಾ ಇಲ್ಲ…”

“ನಿಲ್ಸಬ್ಯಾಡ ತಾಯಿ. ಅಳು. ಆದ್ರೆ ನಿಧಾನಕ್ಕೆ ಅಳು.”

ಬೆನ್ನಿನ ಮೇಲೆ ಅಂಗೈಯಿಂದ ತಟ್ಟತೊಡಗಿದಳು. ಒಮ್ಮೆ ತಟ್ಟಿ, ಮೇಲಿನಿಂದ ಕೆಳತನಕ ಸವರಿ, ಮತ್ತೊಮ್ಮೆ ತಟ್ಟಿ. ಸವರುವಾಗ ಬಾಯಲ್ಲಿ ಉದ್ದಕ್ಕೆ ‘ಹೂಂ’ ಎನ್ನುವಳು. ಅವಳ ಗಂಟಲಲ್ಲಿ ಕೆಮ್ಮು ಎದ್ದು ಕುಣಿಯುತ್ತಿತ್ತು. ಕೆಮ್ಮಿದರೆ ಕೈಯ ಲಯ ತಪ್ಪುತ್ತದೆ. ಕಣ್ಣಲ್ಲಿ ನೀರು ಸುರಿದರೂ ಕೆಮ್ಮನ್ನು ನುಂಗಿ ನುಂಗಿ ಸವರಿದಳು. ಓಡುತ್ತಿದ್ದ ಹುಡುಗಿಯರು ದೂರದಲ್ಲೇ ನಿಂತು ನೋಡುತ್ತಿದ್ದರು. ಟೀಚರಿನ ಬಿಕ್ಕು ಉದ್ದವಾಯಿತು, ಆಮೇಲೆ ನಿಟ್ಟುಸಿರಾಯಿತು. ಅಳು ನಿಲ್ಲಲಿಲ್ಲ, ಆದರೆ ಅದಕ್ಕೊಂದು ದಾರಿ ಸಿಕ್ಕಿತು.

“ಹಾಂ… ಬಂತು,” ಎಂದಿತು ಬೆಂಚಿನ ಮೇಲಿನ ದನಿ. “ಬಿಲ್ಲೆ ಮತ್ತೆ ಹಿಡ್ಕೊಂಡಿತು. ಹಂಗೇ ಇರಲಿ, ಟೀಚರ್. ಹಂಗೇ.”

ಆಗ ಜೈತುನ್‌ಬಿ ಆಚೆ ತಿರುಗಿ ಮನಸಾರೆ ಕೆಮ್ಮಿದಳು. ಈಗ ಬೆನ್ನು ಸವರುವ ಸರದಿ ಚೂಡಾಮಣಿಯದಾಯಿತು.

“ಇದಕ್ಕೆ ಔಷಧಿ ತಗೋತಿಲ್ವಾ? ಅಮ್ಮಂದೂ ಹಿಂಗೇ ಶುರುವಾಗಿದ್ದು,” ಎಂದಳು ಟೀಚರ್, ಒದ್ದೆ ಮುಖದಲ್ಲೇ. “ಬಿಸಿ ಚಹಾ ಆರಿಸೋ ಹಂಗೆ ತುಟಿ ಮುಂದೆ ಮಾಡಿ, ಮೆಲ್ಲಗೆ ಬಿಡಿ ಉಸಿರನ್ನ. ಒಳಗೆ ತಗೊಳ್ಳೋಕಿಂತ ಹೊರಗೆ ಬಿಡೋದು ಉದ್ದ ಇರಲಿ. ಹಾಂ, ಹಂಗೆ.”

ರೇಷ್ಮಾಳಿಗೆ ಫೋನ್ ಮಾಡಿ ಗಂಡ ಎದ್ದು ಕೂತಿದ್ದಾನೆಂದು ತಿಳಿದ ಮೇಲೆಯೇ ಜೈತುನ್‌ಬಿ ಹೊರಟದ್ದು. ಗೇಟಿನ ಹತ್ತಿರ ನಿಂತಳು. ಏನೋ ಹೇಳಬೇಕಿತ್ತು, ಬೇರೆಯೇ ಮಾತು ಬಂತು.

“ನಿಮ್ಮ ಮ್ಯಾಲೆ ನಂಗೆ ಇನ್ನೂ ಹೊಟ್ಟೆಕಿಚ್ಚೈತೆ.”

“ಇರಲಿ ಬಿಡಿ ಅಕ್ಕ. ನಿಮ್ಮೆಜಮಾನ್ರ ಮೇಲೆ ನಂಗೂ ಐತೆ,” ಎಂದಳು ಚೂಡಾಮಣಿ.

ಬಸ್ಸಿನ ಕಿಟಕಿಯ ಪಕ್ಕ ಕೂತು ಜೈತುನ್‌ಬಿ ಕೈಯೊಡ್ಡಿ ದುವಾ ಮಾಡಿದಳು. ಟೀಚರಿನ ಹೆಸರು ಹೇಳಿದಳು, ಮಣ್ಣಾದ ತಾಯಿಯನ್ನೂ ಸೇರಿಸಿದಳು. ಮೊದಲ ಸಲ ಹೆಸರು ಸಲೀಸಾಗಿ ಬಂತು.

ಮನೆಗೆ ಬಂದಾಗ ಚಮನ್‌ಸಾಬ್ ದಿಂಬಿಗೆ ಒರಗಿದ್ದ. ಮುಖ ಬಾಡಿತ್ತು. ಆಂಬುಲೆನ್ಸಿನವರು ನೋಡಿ, ಭಯವಿಲ್ಲ ಎಂದು ಹೇಳಿ ಹೋಗಿದ್ದರು.

“ಎಲ್ಲಿಗೋಗಿದ್ದೆ? ನಾನಿವತ್ತು ಹೋಗೇಬಿಟ್ಟಿದ್ದೆ ಕಣೇ. ಟೀಚರಮ್ಮ ಅತ್ತುಬಿಟ್ರು. ಎಂಥಾ ಅಳು ಅಂತೀಯ, ನಂಗೆ ಆಕಾಶಾನೇ ಮುಚ್ಕೊಂಡಂಗಾತು.” ನೀರು ಕುಡಿದು ಮುಂದುವರಿಸಿದ. “ಆಮೇಲೆ ಯಾರೋ ಬಂದ್ರು. ಅವ್ರ ಬೆನ್ನು ತಟ್ಟಿದ್ರು ಅಂತ ಕಾಣ್ತದೆ. ಒಂದ್ಸಲ ತಟ್ಟೋದು, ಉದ್ದಕ್ಕೆ ಸವರೋದು. ಆ ಕೈ ನಂಗಿಲ್ಲಿ ಗೊತ್ತಾಗ್ತಿತ್ತು ಜೈತುನ್. ಎಂಥಾ ಕೈ ಅದು! ಯಾವ ಪುಣ್ಯಾತ್ಗಿತ್ತೀನೋ. ಅವ್ಳಿರೋ ಕಡಿಗೆ ಒಂದ್ಸಲ ಹೋಗಿ ಕೈ ಮುಗೀಬೇಕು ಅನ್ಸುತ್ತೆ.”

ಜೈತುನ್‌ಬಿಗೆ ಒಂದು ಗಳಿಗೆ ಎದೆ ಚುರ್ ಎಂದಿತು. ಇನ್ನೊಬ್ಬಳು ಬಂದಳಲ್ಲ ಎಂದು. ಆಮೇಲೆ ತನ್ನ ಅಂಗೈಯನ್ನು ತಾನೇ ನೋಡಿಕೊಂಡು ನಕ್ಕುಬಿಟ್ಟಳು. ನಗು ಕೆಮ್ಮಾಯಿತು. ತುಟಿ ಮುಂದೆ ಮಾಡಿ ಮೆಲ್ಲಗೆ ಉಸಿರು ಬಿಟ್ಟಳು.

“ಯಾಕೆ ನಗ್ತೀಯ?”

“ಮುಗೀರಿ ಕೈ,” ಎಂದಳು. “ಇಲ್ಲೇ ಅದಾಳೆ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೈ ಮುಗಿಯಲಿಲ್ಲ. ಅವಳ ಕೈ ಹಿಡಿದುಕೊಂಡು, ಬಹಳ ದಿನಗಳಿಂದ ಕೇಳದ್ದನ್ನು ಕೇಳಿದ: “ನಿನ್ನ ಎದ್ಯಾಗೆ ಏನೈತೆ ಲೇ?”

“ಹೊಗಿ ಐತೆ,” ಎಂದಳು ಅವಳು. “ಮತ್ತೇನಿರ್ತದೆ?”

“ನಾಳೆ ಡಾಕ್ಟ್ರ ಹತ್ರ ಹೋಗಣ. ನಿನ್ನ ಎದೆ ತೋರ್ಸಕ್ಕೆ.”

ಮರುದಿನ ಅವಳು ಹೋದಳು, ಅಲ್ಲಿಯತನಕ ಹೋಗುತ್ತಿದ್ದ ಭಟ್ಟಿಯ ಜರಡಿ ಕೆಲಸವನ್ನೂ ಆ ವಾರವೇ ಬಿಟ್ಟಳು. ಕೇಂದ್ರದ ಹಿಂದಿನ ಹಜಾರದಲ್ಲಿ ಎದೆ ಕೆಟ್ಟ ಹೆಂಗಸರನ್ನು ಬೆಂಚುಗಳ ಮೇಲೆ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಅವಳ ಕೈಗೂ ಮೂರು ಗುಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ನಳಿಗೆಗೆ ಬಾಯಿಟ್ಟು ಉಸಿರು ಎಳೆದರೆ ಗುಂಡು ಮೇಲಕ್ಕೇರಬೇಕು. ಜೈತುನ್‌ಬಿ ಕಣ್ಣು ಮುಚ್ಚಿ ಎಳೆದಳು. ಒಂದು ಗುಂಡು ಕಷ್ಟಪಟ್ಟು ಎದ್ದು, ನಡುಗಿ, ಟಕ್ಕೆಂದು ಕೆಳಗೆ ಬಿತ್ತು.

ಪಕ್ಕದ ಬೆಂಚಿನಲ್ಲಿ ಅವಳಿಗಿಂತ ವಯಸ್ಸಾದ, ಬಾಯಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳಿದ್ದಳು. ಅವಳ ಡಬ್ಬಿಯಲ್ಲಿ ಎರಡು ಗುಂಡು ಮೇಲೇರಿ ಅಲ್ಲೇ ನಿಂತಿದ್ದವು.

ಜೈತುನ್‌ಬಿ ಅವಳನ್ನು ಓರೆಗಣ್ಣಿನಿಂದ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಮತ್ತೆ ನಳಿಗೆಗೆ ಬಾಯಿಟ್ಟಳು.